ಕಂಬಳಿ ಸುತ್ತಿದ ಪಾತ್ರೆ

ಯೋಕೋಹಾಮಾದ ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ಅಂಥದ್ದರಲ್ಲಿ ನನ್ನ ಗಂಡನಿಗೆ ಬಿಯರ್ ತಯಾರಿಸುವ ಹುಚ್ಚು ಹಿಡಿಯಿತು. ಇಲ್ಲಿನ ಕಾನೂನಿನಂತೆ ಮನೆಯಲ್ಲಿ ಅಮಲು ಹೆಸರಿಗಷ್ಟೇ ಇರುವ ಬಿಯರ್ ಮಾತ್ರ ಮಾಡಬಹುದು. ಅವರಿಗೆ ಅಷ್ಟೇ ಸಾಕಾಗಿತ್ತು. ತೊಡಕಿದ್ದದ್ದು ಬಿಸಿಯದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ನೀರಿನಲ್ಲಿ ಕಲಸಿ, ಕುದಿಯಲು ಬಿಡದೆ, ಒಂದೇ ಹದದ ಬಿಸಿಯಲ್ಲಿ ಗಂಟೆ ಹೊತ್ತು ಇಡಬೇಕು. ಗ್ಯಾಸೋ, ಇಂಡಕ್ಷನ್ನೋ, ಪಾತ್ರೆಯೊಳಗೇ ಇಳಿಬಿಡುವ ಹೀಟರೋ?

ಇದನ್ನೆಲ್ಲ ಅವರು ಕೇಳುತ್ತಿದ್ದದ್ದು ಆಫೀಸಿನ ಸಹೋದ್ಯೋಗಿಯೊಬ್ಬಳನ್ನು. ಬಿಯರ್ ಮಾಡಿ ಪಳಗಿದವಳು. ಫೋನಿನಲ್ಲಿ ಅವಳ ಹೆಸರಿಗೆ ಇಲ್ಲಿಯವರು ಗೌರವಕ್ಕೆ ಹಚ್ಚುವ ‘ಸಾನ್’ ಸೇರಿಸುವಾಗ ಇವರ ದನಿ ಮೆತ್ತಗಾಗುತ್ತಿತ್ತು. ನನ್ನನ್ನು ಕರೆಯುವುದು ‘ಏಯ್, ಇಲ್ನೋಡು’ ಅಂತ. ಹೊಟ್ಟೆಕಿಚ್ಚು ಪಾಪವೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಗೊತ್ತಿದ್ದೂ ನಾನು ಪಾತ್ರೆಗಳನ್ನು ತುಸು ಜೋರಾಗಿಯೇ ಇಡುತ್ತಿದ್ದೆ. ನನಗೆ ಬೇಕಿದ್ದದ್ದು ಇಷ್ಟೇ: ಒಮ್ಮೆ ನನ್ನನ್ನೂ ಕೇಳಲಿ. ಈ ಚಳಿಯಲ್ಲಿ ದೋಸೆಹಿಟ್ಟು ಉಬ್ಬಿಸುವವಳು ನಾನು.

ಕೊನೆಗೆ ಬೆಂಗಳೂರಿನಿಂದ ಹೀಟರ್ ತರಿಸಿದರು. ಇಲ್ಲಿನ ವೋಲ್ಟೇಜ್ ನಮ್ಮೂರಿನದರ ಅರ್ಧದಷ್ಟೂ ಇಲ್ಲವೆಂಬುದನ್ನು ಎಂಜಿನಿಯರ್ ಮಹಾಶಯರು ಮರೆತಿದ್ದರು. ನೀರು ಉಗುರುಬೆಚ್ಚಗಾಯಿತು, ಅಲ್ಲಿಗೇ ನಿಂತಿತು.

ಆ ಭಾನುವಾರ ಅವಳೇ ನೋಡಲು ಬಂದಳು. ಬಣ್ಣವಿಲ್ಲದ ಉಗುರು. ಬಿಚ್ಚಿದ ಶೂಗಳನ್ನು ಬಾಗಿಲಿನತ್ತ ತಿರುಗಿಸಿ ಜೋಡಿಸಿದಳು. ಅದೂ ನನಗೆ ಕಿರಿಕಿರಿ. ಹೀಟರ್ ನೋಡಿ ನಕ್ಕವಳು, ಮೂಲೆಯಲ್ಲಿ ಕಂಬಳಿ ಸುತ್ತಿಟ್ಟಿದ್ದ ನನ್ನ ಹಿಟ್ಟಿನ ಪಾತ್ರೆಯತ್ತ ಬಗ್ಗಿದಳು.

“ಸುಮಿಮಾಸೆನ್,” ಎಂದು ಕ್ಷಮೆ ಕೇಳಿಯೇ, “ಇದೇನು?” ಎಂದಳು.

ನನಗೆ ಬರುವ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಇವರತ್ತ ತಿರುಗಿ, “ನಾನೂ ಹೀಗೇ ಮಾಡೋದು. ಗ್ಯಾಸ್ ಮೇಲೆ ಒಮ್ಮೆ ಬಿಸಿ ಮಾಡಿ ಸುತ್ತಿಟ್ಟರೆ ಸಾಕು. ಮನೆಯಲ್ಲೇ ಟೀಚರ್ ಇದ್ದಾರಲ್ಲ!” ಎಂದಳು.

“ಎಂಥಾ ಐಡಿಯಾ!” ಎಂದರು ಇವರು, ಅವಳನ್ನೇ ನೋಡುತ್ತ.

ಎಷ್ಟೋ ಚಳಿಗಾಲ ಆ ಕಂಬಳಿಯನ್ನು ದಾಟಿಕೊಂಡೇ ಫ್ರಿಜ್ಜಿಗೆ ಹೋದವರು. ಅದು ಕಣ್ಣಿಗೆ ಬೀಳಲು ಅವಳು ಬೆರಳು ತೋರಬೇಕಾಯಿತು.

ಅವಳು ಹೊರಟ ಮೇಲೆ, “ಆ ಬ್ಲಾಂಕೆಟ್ ಕೊಡೇ, ಇವತ್ತೇ ಟ್ರೈ ಮಾಡ್ತೀನಿ” ಎಂದರು.

“ಅದ್ರೊಳಗೆ ಹಿಟ್ಟಿದೆ ರೀ” ಎಂದೆ, ಆದಷ್ಟು ಮೆತ್ತಗೆ. ಒಳಗೆ ಹೋಗಿ, ಅವರು ಆಫೀಸಿಗೆ ಹಾಕಿಕೊಳ್ಳುವ ದಪ್ಪ ಜಾಕೆಟ್ ತಂದುಕೊಟ್ಟೆ. ಅವರು ಯೋಚಿಸಲೂ ಇಲ್ಲ, ಪಾತ್ರೆಗೆ ತೊಡಿಸಿ ಜಿಪ್ ಎಳೆದರು.

ಸೋಮವಾರ ಆ ಜಾಕೆಟ್ ಬಾರ್ಲಿ ಗಂಜಿಯ ವಾಸನೆ ಹೊಡೆಯುತ್ತಿತ್ತು. ನಾನೇ ಕಾಲರ್ ಸರಿಪಡಿಸಿ ಅವರನ್ನು ಟ್ರೈನಿಗೆ ಕಳಿಸಿದೆ.