ಹಾಸಿಗೆ ಬಿಟ್ಟೇಳದವನು ಬಾಗಿಲಿಗೆ ಬಂದದ್ದು

ದೆವ್ವ, ಶಕುನ ಎಂದವರನ್ನು ಕಂಡರೆ ನಾನು ನಗುತ್ತಿದ್ದೆ. ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸರ್ ಕೆಲಸದವನಿಗೆ ಕೀವು, ರಕ್ತ ಕಣ್ಣಿಗೆ ಕಾಣುತ್ತವೆ. ಕಾಣದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಆದದ್ದನ್ನಷ್ಟೇ ಹೇಳುತ್ತೇನೆ.

ಮಹಾರಾಜರ ಕಾಲ. ಹುಣಸೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ವೀರನಹೊಸಹಳ್ಳಿಯ ಸಿದ್ದೇಗೌಡ ಕಾಡಿನಿಂದ ಮರ ಸಾಗಿಸುವ ಗಾಡಿಯವನು. ಶಿಶ್ನದ ಮೇಲೆದ್ದ ಹುಣ್ಣನ್ನು ನಾಚಿಕೆಯಿಂದ ಒಂದು ವರ್ಷ ಮುಚ್ಚಿಟ್ಟಿದ್ದ. ಅದು ಕ್ಯಾನ್ಸರ್. ಮೈಸೂರಿನಲ್ಲಿ ಅಂಗವನ್ನು ಪೂರ್ತಿ ತೆಗೆದು, ಮೂತ್ರಕ್ಕೆ ಕೆಳಗೆ ಬೇರೆ ದಾರಿ ಮಾಡಿದರು. ತೊಡೆಸಂದಿನ ಗಂಟುಗಳನ್ನೂ ತೆಗೆದರು. ಆ ಗಾಯ ಮಾತ್ರ ಕೂಡಲಿಲ್ಲ. ಹೊಲಿಗೆ ಬಿಟ್ಟು ನೀರು ಸೋರಿತು, ಎಡಗಾಲು ಕಂಬದಂತೆ ಬಾತಿತು. ದಿನಾ ಪಟ್ಟಿ ಕಟ್ಟಲು ನಮ್ಮಲ್ಲಿಗೆ ಕಳಿಸಿದ್ದರು.

ಅವನು ಹೆಂಡತಿ ಪುಟ್ಟಮ್ಮನಿಗೆ, ಬರಕೂಡದೆಂದು ಮೊದಲೇ ಆಣೆ ಹಾಕಿದ್ದ. ನಾಲ್ಕು ತಿಂಗಳು ಊರಿಂದ ಯಾರೂ ಬರಲಿಲ್ಲ.

ಒಂದು ಮಧ್ಯಾಹ್ನ ಒಣಗಿ ಅಂಟಿದ್ದ ಪಟ್ಟಿ ಬಿಡಿಸುತ್ತಿದ್ದೆ. ನೋವಿಗೆ ಕಣ್ಣು ಮುಚ್ಚಿಕೊಂಡು ಗೌಡ, “ಪುಟ್ಟೀ, ಬಾ” ಎಂದ.

“ಯಾರನ್ನು ಕರೆದೆಯಪ್ಪ?” ಎಂದೆ.

“ನಾನೆಲ್ಲಿ ಕರುದೆ ಬುಡಿ ಸ್ವಾಮಿ,” ಎಂದು ಮುಖ ಗೋಡೆಗೆ ತಿರುಗಿಸಿದ.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕಾಲೆಲ್ಲ ಧೂಳು, ಮಡಿಲಲ್ಲಿ ರಾಗಿರೊಟ್ಟಿಯ ಗಂಟು. ಪುಟ್ಟಮ್ಮ.

“ನೆನ್ನೆ ಮಧ್ಯಾನ ರಾಗಿ ಬೀಸ್ತಿದ್ದೆ ಸ್ವಾಮಿ. ಇವ್ರು ಮನೆ ಬಾಗ್ಲಲ್ಲಿ ನಿಂತ್ಕಂಡು ‘ಪುಟ್ಟೀ, ಬಾ’ ಅಂದ್ರು. ಎಡಗಾಲು ಇಷ್ಟ್ ದಪ್ಪ ಬಾತಿತ್ತು. ನಾನೆದ್ದು ಬಾಗ್ಲಿಗೆ ಓಗೋ ಒತ್ಗೆ ಅಲ್ಲಿರ್ನಿಲ್ಲ.”

ಕಾಲು ಬಾತದ್ದು ಆಪರೇಷನ್ ಆದ ಮೇಲೆ. ಅವಳಿಗೆ ತಿಳಿಸಿದವರು ಯಾರೂ ಇರಲಿಲ್ಲ. ಅವನಂತೂ ಹಾಸಿಗೆಯಿಂದ ಏಳುವ ಸ್ಥಿತಿಯಲ್ಲಿರಲಿಲ್ಲ.

ಒಳಗೆ ಕರೆದೊಯ್ದೆ. ಗೌಡ ಹೊದಿಕೆ ಎಳೆದುಕೊಂಡ. “ಯಾಕ್ ಬಂದೆ? ಗಂಡ್ಸು ಅನ್ನೋದೇನೂ ಉಳಿದಿಲ್ಲ ಕಣಮ್ಮಿ.”

“ಅಂಗಾರೆ ನೆನ್ನೆ ಬಂದು ಕರುದ್ದು ಯಾರು?” ಎಂದಳು ಅವಳು.

ಗೌಡ ನನ್ನ ಮುಖ ನೋಡಿದ. ನಾನು ಹಳೆ ಪಟ್ಟಿಯ ಬೇಸಿನ್ ಎತ್ತಿಕೊಂಡು ಹೊರಗೆ ಬಂದೆ. ಒಳಗಿನಿಂದ ಗಂಡಸಿನ ಅಳು ಕೇಳಿಸಿತು.

ಗಾಯ ಮಾಯಲು ಇನ್ನೂ ಎರಡು ತಿಂಗಳು ಹಿಡಿಯಿತು. ಕಾಲಿನ ಬಾವು ಉಳಿಯಿತು. ಮೂತ್ರಕ್ಕೆ ಕುಕ್ಕರುಗಾಲಲ್ಲೇ ಕೂರಬೇಕಿತ್ತು. ಆ ದಾರಿ ಕಿರಿದಾಗುತ್ತಾ ಬಂದಾಗಲೆಲ್ಲ ಸಣ್ಣ ಲೋಹದ ಕಂಬಿ ಹಾಕಿಸಿ ಹಿಗ್ಗಿಸಿಕೊಳ್ಳಲು ಬರುತ್ತಿದ್ದ, ಜೊತೆಗೆ ಅವಳು. ನಾನು ಹುಣಸೂರು ಬಿಡುವವರೆಗೂ ರೋಗ ಮರಳಿರಲಿಲ್ಲ.

ಯಾರೋ ಸುದ್ದಿ ಮುಟ್ಟಿಸಿರಬಹುದು ಎಂದು ವಿಚಾರಿಸಿದೆ. ಯಾರೂ ಸಿಗಲಿಲ್ಲ. ಕನಸಿರಬಹುದೇ? ಬೀಸುವ ಕಲ್ಲು ತಿರುಗಿಸುತ್ತಾ ಯಾರು ಕನಸು ಕಾಣುತ್ತಾರೆ?

ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಗೌಡ ಕರೆದಂತೆಯೇ ನಾನೂ ಅವಳ ಹೆಸರು ಹಿಡಿದು ಎಷ್ಟೋ ಸಲ ಕರೆದಿದ್ದೇನೆ. ಅವಳಿರುವಲ್ಲಿ ಬಾಗಿಲಿದೆಯೋ, ಅಲ್ಲಿ ನಾನು ಒಮ್ಮೆಯಾದರೂ ಅವಳ ಕಣ್ಣಿಗೆ ಬಿದ್ದೆನೋ, ಬಂದು ಹೇಳುವವರು ಯಾರೂ ಇಲ್ಲ.