ಕಿವಿ ಮೇಸ್ತ್ರಿ

ರೋಲರ್ ಕೋಸ್ಟರ್ ತಯಾರಿಸುವ ಆ ಕಂಪನಿಯಲ್ಲಿ ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಳಿಯ ಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿ, ತಲೆ ವಾಲಿಸಿ ಆಲಿಸುವುದು ಅವನ ಕೆಲಸ. ಗಟ್ಟಿ ಬೆಸುಗೆ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯಂತೆ. ಅವನು ತಲೆಯಾಡಿಸದೆ ಒಂದು ಹಳಿಯೂ ಗೇಟು ದಾಟುತ್ತಿರಲಿಲ್ಲ. ಜಂಬಕ್ಕೂ ಏನೂ ಕಮ್ಮಿಯಿರಲಿಲ್ಲ. ಬೇರೆ ಯಾರಾದರೂ ಇನ್ನೊಮ್ಮೆ ತಟ್ಟಿ ನೋಡಿದರೆ, "ನನ್ನ ಕಿವಿ ಮೇಲೆ ನಂಬಿಕೆ ಇಲ್ವೇನೋ?" ಎಂದು ಹರಿಹಾಯುತ್ತಿದ್ದ.

ಅವನು ಸೈ ಎಂದ ಹೊಸ ಕೋಸ್ಟರ್ ಊರಾಚೆಯ ಪಾರ್ಕಿನಲ್ಲಿ ಶುರುವಾದ ದಿನ, ಅವನು ಮನೆಯಲ್ಲಿ ಊಟಕ್ಕೆ ಕೂತಿದ್ದ. ಹೆಂಡತಿಯ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಅವನ ಬೆನ್ನ ಹಿಂದೆಯೇ ನೆಲಕ್ಕೆ ಬಿತ್ತು. ಅವನು ತಿರುಗಲಿಲ್ಲ. ಅವಳು ಇನ್ನೊಂದನ್ನು ಬೇಕೆಂದೇ ಬೀಳಿಸಿದಳು. ಅವನು ಅನ್ನ ಕಲಸುತ್ತಲೇ ಇದ್ದ.

ಅವಳು ಎದುರಿಗೆ ಬಂದು ಅವನ ಭುಜ ಹಿಡಿದು ಅಲುಗಾಡಿಸಿದಳು. "ಯಾವಾಗಿಂದ ರೀ ಹೀಗೆ?"

ಅವಳ ತುಟಿಗಳನ್ನೇ ನೋಡುತ್ತಿದ್ದ ಅವನ ಮುಖ ಬಿಳಿಚಿಕೊಂಡಿತು.

"ಮೆಲ್ಲಗೆ ಮಾತಾಡೇ. ಒಳಗೆ ಮಗಳಿಗೆ ಕೇಳಿಸುತ್ತೆ."

"ಅವಳೆಲ್ಲಿದ್ದಾಳೆ ಒಳಗೆ? ನಿಮ್ಮ ಹಿಂದೇನೇ ನಿಂತು ಕೂಗಿ ಹೇಳಿ ಹೋದ್ಲಲ್ರೀ, ಅಪ್ಪನ ಕೋಸ್ಟರ್ ಹತ್ತಿ ಬರ್ತೀನಿ ಅಂತ!"