ಲಂಗರು ಎತ್ತುವ ಕೈ

ಬೆಳಕು ಹರಿಯುವ ಮುನ್ನ ಅವಳ ಕೆಲಸಗಳು ಇವು. ದೋಣಿಯ ತಳದಲ್ಲಿ ಸೇರಿದ ನೀರನ್ನು ಕೈಪಂಪಿನಿಂದ ಹೊರಹಾಕುವುದು. ಅರವತ್ತು ಸಲ ಒತ್ತಬೇಕು. ಬೆವರಿದ ಗೋಡೆ ಒರೆಸುವುದು, ಇಲ್ಲವಾದರೆ ಹಾಸಿಗೆಗೆ ಬೂಷ್ಟು. ತೂಗಾಡುವ ಒಲೆಯ ಮುಂದೆ ಸೊಂಟವನ್ನು ಹಲಗೆಗೆ ಆನಿಸಿ ನೀರು ಕಾಯಿಸುವುದು. ಒಂದೇ ಬಕೆಟ್ ಸಿಹಿನೀರಿನಲ್ಲಿ ಮೊದಲು ಪಾತ್ರೆ, ಆಮೇಲೆ ಗಂಡನ ಬನಿಯನ್ ತೊಳೆಯುವುದು. ನಡುನಡುವೆ ಮೇಲೆ ಹತ್ತಿ, ದಡದ ದೀಪದ ಕಂಬವೂ ನೀರಿನ ಟ್ಯಾಂಕೂ ಒಂದೇ ನೇರಕ್ಕೆ ಇವೆಯೇ ಎಂದು ನೋಡುವುದು. ನೇರ ತಪ್ಪಿದ್ದರೆ ಲಂಗರು ಮತ್ತೆ ಜಾರಿದೆ ಎಂದರ್ಥ.

ಗಂಡ ನಿವೃತ್ತನಾದ ವರ್ಷವೇ ಮನೆ ಮಾರಿ ಈ ಹಾಯಿದೋಣಿ ಕೊಂಡಿದ್ದ. ಉದ್ದಕ್ಕೆ ಹನ್ನೊಂದು ಹೆಜ್ಜೆ, ಅಗಲಕ್ಕೆ ನಾಲ್ಕು. ಸಿಟ್ಟು ಬಂದರೆ ಹೋಗಿ ಕೂರಲು ಇನ್ನೊಂದು ಕೋಣೆಯಿಲ್ಲ. ಬಾಗಿಲು ತೆರೆದರೆ ಸಮುದ್ರ. "ಅಪ್ಪನಿಗೆ ರಿಟೈರ್‌ಮೆಂಟು, ನಿನಗೆ ಓವರ್‌ಟೈಮು" ಎಂದು ಮಗಳು ಫೋನಿನಲ್ಲಿ ನಗುತ್ತಾಳೆ.

ದೋಣಿ ನಿಲ್ಲಿಸುವಾಗ ಗಂಡ ಚುಕ್ಕಾಣಿ ಹಿಡಿದು ಕೂಗುತ್ತಾನೆ, ಇವಳು ಮುಂದೆ ನಿಂತು ಲಂಗರು ಬಿಡುತ್ತಾಳೆ. ಹೊರಡುವಾಗ ಎಳೆಯುವವಳೂ ಇವಳೇ. ಚುಕ್ಕಾಣಿಗೆ ಎರಡು ಬೆರಳು ಸಾಕು. ಲಂಗರಿಗೆ ಬೇಕಾದದ್ದು, ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ರೋಗಿಗಳನ್ನು ಎತ್ತಿ ಹೊರಳಿಸಿದ ಅವಳ ಸೊಂಟ. ಇನ್ನು ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು.

ಕಳೆದ ವಾರ ಲಂಗರು ಜಾರಿ ದೋಣಿ ಬಂಡೆಗೆ ಒಂದು ಮಾರು ದೂರದವರೆಗೆ ಹೋಗಿತ್ತು. ಹಾಗಾಗಿ ಇಂದು ಹೊಸ ಲಂಗರು ಕೊಳ್ಳಲು ಇಬ್ಬರೂ ದೋಣಿ ಸಾಮಾನಿನ ಅಂಗಡಿಯಲ್ಲಿದ್ದಾರೆ.

"ಹತ್ತು ಕೆಜಿದು ಸಾಕು" ಎಂದ ಗಂಡ. "ಸ್ವಲ್ಪ ಸರಪಳಿ, ಮಿಕ್ಕಿದ್ದಕ್ಕೆಲ್ಲ ಹಗ್ಗ. ಇವಳ ಸೊಂಟ ನೋಡ್ಕೊಂಡೇ ಹೇಳ್ತಿದೀನಿ."

ಅಂಗಡಿಯವನು ತಲೆಯಾಡಿಸಿದ. "ಅಣ್ಣಾ, ನಿಮ್ಮ ದೋಣಿಗೆ ಇಪ್ಪತ್ತರದ್ದೇ ಬೇಕು, ಪೂರ್ತಿ ಸರಪಳಿ. ಸರಪಳಿ ತಳಕ್ಕೆ ಬಿದ್ಕೊಂಡಿದ್ರೇನೇ ಲಂಗರು ಕಚ್ಚೋದು. ಎಳೆಯೋಕೆ ಒಂದು ಮೋಟರು ಹಾಕಿಸ್ಬಿಡಿ."

"ಮೋಟರಿಗೆ ಬ್ಯಾಟರಿ, ಬ್ಯಾಟರಿಗೆ ಜಾಗ, ಯಾಕಪ್ಪಾ? ಇವಳಿದ್ದಾಳಲ್ಲ! ಮೂವತ್ತು ವರ್ಷದಲ್ಲಿ ಒಂದ್ಸಲಾನೂ ರಿಪೇರಿಗೆ ಬಂದಿಲ್ಲ."

ಇಬ್ಬರು ಗಂಡಸರೂ ನಕ್ಕರು. ಅವಳು ನಗಲಿಲ್ಲ.

"ಹಗುರ ಆದ್ರೆ ಜಾರುತ್ತೆ ಕಣ್ರೀ. ಜಾರಿದ್ರೆ ಗಂಟೆಗೊಂದ್ಸಲ ಎದ್ದು ನೋಡೋಳು ನಾನು."

"ನಿನಗೆ ಹೇಗೂ ನಿದ್ದೆ ಬರಲ್ವಲ್ಲೇ."

"ಯಾಕೆ ಬರಲ್ಲ ಅಂತ ಯಾವತ್ತಾದ್ರೂ ಕೇಳಿದ್ದೀರಾ?"

ಅವನಿಗೆ ಬಂದರು ಕಚೇರಿಯ ಕಾಗದಪತ್ರ ನೆನಪಾಯಿತು. "ಅರ್ಧ ಗಂಟೇಲಿ ಬರ್ತೀನಿ. ಹತ್ತರದ್ದನ್ನ ಕಟ್ಟಿಸಿಟ್ಟಿರು" ಎಂದು ಹೊರಟೇ ಹೋದ.

ಅವಳು ಸೆರಗು ಸಿಕ್ಕಿಸಿ, ಹತ್ತು ಕೆಜಿಯ ಲಂಗರನ್ನು ಎತ್ತಿ ನೋಡಿದಳು. ನೋವಿತ್ತು, ಆದರೂ ಬಂತು. ಇಷ್ಟು ದಿನ ಎಲ್ಲವೂ ಹೀಗೆಯೇ ಎದ್ದು ಬಂದಿತ್ತು. ಇಪ್ಪತ್ತರದ್ದಕ್ಕೆ ಕೈ ಹಾಕಿದಳು. ಅದು ನೆಲ ಬಿಡಲಿಲ್ಲ.

"ಬೇಡ ಅಕ್ಕಾ, ನಿಮ್ಮಿಂದ ಆಗಲ್ಲ."

"ಆಗಲ್ಲ ಅಲ್ವಾ?" ಅವಳು ಮತ್ತೊಮ್ಮೆ ಎಳೆದು ಖಾತ್ರಿ ಮಾಡಿಕೊಂಡಳು. "ಇದನ್ನೇ ಕೊಡಿ. ಹಗ್ಗ ಬೇಡ, ಪೂರ್ತಿ ಸರಪಳಿನೇ ಇರ್ಲಿ."

"ಮತ್ತೆ ಎತ್ತೋರ್ಯಾರು?"

"ಆಗೋರು ಎತ್ತಲಿ. ಎತ್ತದಿದ್ರೆ ದೋಣಿ ಅಲ್ಲೇ ಇರುತ್ತೆ. ನಾನು ಚುಕ್ಕಾಣಿ ಹತ್ರ ಕೂತಿರ್ತೀನಿ."

ಅಂಗಡಿಯವನು ಬಾಗಿಲ ಕಡೆ ಒಮ್ಮೆ ನೋಡಿ, ಸರಪಳಿ ಅಳೆಯತೊಡಗಿದ. ಕಟ್ಟಿ ಮುಗಿಸಿ, ಎಳೆಯುವಾಗ ಹಾಕಿಕೊಳ್ಳುವ ಕೈಗವಸುಗಳ ಪೆಟ್ಟಿಗೆ ಮುಂದಿಟ್ಟು, ಅವಳ ಕೈ ನೋಡಿ ಸಣ್ಣದೊಂದು ಜೊತೆ ತೆಗೆದುಕೊಟ್ಟ.

ಅವಳು ಅದನ್ನು ಪೆಟ್ಟಿಗೆಗೇ ಹಾಕಿ, ಗಂಡನ ಅಳತೆಯದನ್ನು ಹುಡುಕತೊಡಗಿದಳು.